ಮೆಚ್ನಿಕಾಫನ ಮೊಸರು

ರಾತ್ರಿ ಗಿರಾಕಿಗಳೆಲ್ಲ ಹೋಗಿ ಮೇಜುಗಳನ್ನು ಒರೆಸಿದ ಮೇಲೆ ಹೋಟೆಲಿನ ಅಡಿಗೆಮನೆಯಲ್ಲಿ ಕಡೆಯ ಕೆಲಸವೊಂದು ಉಳಿದಿರುತ್ತದೆ. ಕಾಯಿಸಿದ ಹಾಲು ಬೆರಳು ತಾಳುವಷ್ಟು ಬಿಸಿಯಿರುವಾಗ ಅದಕ್ಕೆ ಹೆಪ್ಪು ಹಾಕಿ, ಪಾತ್ರೆಯ ಬಾಯಿ ಮುಚ್ಚಿ, ಬೆಚ್ಚಗಿನ ಮೂಲೆಯಲ್ಲಿ ಇರಿಸುವುದು. ಮಾಟುಂಗದಲ್ಲಿಯೂ ಅಷ್ಟೆ, ಪುಣೆಯಲ್ಲಿಯೂ ಅಷ್ಟೆ. ದಿನವೂ ಈ ಕೆಲಸ ಮಾಡುವ ನಮ್ಮ ವಾಚಕರಿಗೆ, ಅದೇ ಹೆಪ್ಪನ್ನು ಒಂದು ಕಾಲದಲ್ಲಿ ಯುರೋಪಿನ ಔಷಧದಂಗಡಿಗಳಲ್ಲಿ ಒಣಗಿಸಿ, ಗುಳಿಗೆ ಕಟ್ಟಿ, ಶೀಷೆಗೆ ತುಂಬಿ ಮುಪ್ಪಿನ ಮದ್ದೆಂದು ಮಾರುತ್ತಿದ್ದರೆಂದರೆ ನಗೆ ಬಂದೀತು. ಆದರೆ ಆ ವ್ಯಾಪಾರಕ್ಕೆ ಆಧಾರವಾಗಿ ನಿಂತುದು ಯಾವನೋ ಸಂತೆಯ ಪಂಡಿತನ ಹೆಸರಲ್ಲ. ನೊಬೆಲ್ ಬಹುಮಾನವನ್ನು ಪಡೆದ, ಲೂಯಿ ಪಾಸ್ಟರನು ತನ್ನ ಸಂಸ್ಥೆಯಲ್ಲಿ ಸ್ಥಾನ ಕೊಟ್ಟ ಒಬ್ಬ ಮಹಾವಿಜ್ಞಾನಿಯ ಹೆಸರು. ಆತನು ಸುಳ್ಳುಗಾರನಾಗಿರಲಿಲ್ಲ, ಹಣದ ಆಸೆಯವನೂ ಆಗಿರಲಿಲ್ಲ. ಆತನ ಕಥೆಯನ್ನು ತಿಳಿಯಬೇಕಾದುದು ಅದಕ್ಕಾಗಿಯೇ.

ಇಲ್ಯಾ ಮೆಚ್ನಿಕಾಫನು ೧೮೪೫ರ ಮೇ ತಿಂಗಳಲ್ಲಿ, ಅಂದು ರಷ್ಯದ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಉಕ್ರೇನ್ ದೇಶದಲ್ಲಿರುವ ಖಾರ್ಕೋವ್ ಪ್ರಾಂತದ ಒಂದು ಹಳ್ಳಿಯಲ್ಲಿ ಹುಟ್ಟಿದನು. ತಂದೆ ಸೈನ್ಯದ ಅಧಿಕಾರಿ. ಐವರು ಮಕ್ಕಳಲ್ಲಿ ಈತನೇ ಕಿರಿಯವನು. ಖಾರ್ಕೋವ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ಜರ್ಮನಿ, ಇಟಲಿಗಳ ಕಡಲತೀರಗಳಲ್ಲಿ ಕುಳಿತು ಸಮುದ್ರದ ಸಣ್ಣ ಸಣ್ಣ ಜೀವಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುವುದರಲ್ಲಿ ತಾರುಣ್ಯವನ್ನು ಕಳೆದನು. ಇಪ್ಪತ್ತೈದನೆಯ ವಯಸ್ಸಿಗೆ ಒಡೆಸ್ಸಾ ನಗರದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು.

ಬುದ್ಧಿಗೆ ಕೊರತೆಯಿರಲಿಲ್ಲ, ಸುಖಕ್ಕಿತ್ತು. ೧೮೬೯ರಲ್ಲಿ ಆತನು ಲುಡ್‌ಮಿಲಾ ಎಂಬ ಕನ್ಯೆಯನ್ನು ವರಿಸಿದಾಗ ಆಕೆ ಆಗಲೇ ಕ್ಷಯರೋಗದಿಂದ ನವೆದು ಹೋಗಿದ್ದಳು. ಮದುವೆಗೆ ಇಗರ್ಜಿಯೊಳಕ್ಕೆ ಆಕೆಯನ್ನು ಕುರ್ಚಿಯ ಮೇಲೆ ಹೊತ್ತು ತರಬೇಕಾಯಿತು. ನಾಲ್ಕು ವರ್ಷ ಊರೂರು ಅಲೆದು, ಹವೆ ಬದಲಾಯಿಸಿ, ಸಾಲ ಮಾಡಿ ಶುಶ್ರೂಷೆ ಮಾಡಿದರೂ ೧೮೭೩ರಲ್ಲಿ ಮದೀರಾ ದ್ವೀಪದಲ್ಲಿ ಆಕೆ ತೀರಿಕೊಂಡಳು. ಮೆಚ್ನಿಕಾಫನು ಮಾರ್ಫಿನ್ ವಿಷವನ್ನು ಕುಡಿದನು. ಪ್ರಮಾಣ ಹೆಚ್ಚಾಗಿ ವಾಂತಿಯಾದುದರಿಂದ ಪ್ರಾಣ ಉಳಿಯಿತು. ೧೮೭೫ರಲ್ಲಿ ಓಲ್ಗಾ ಎಂಬಾಕೆಯನ್ನು ಮದುವೆಯಾದ ಮೇಲೆಯೂ, ಆಕೆ ವಿಷಮಶೀತ ಜ್ವರದಿಂದ ಮಲಗಿ ಬದುಕಿದ ನಂತರದ ದಿನಗಳಲ್ಲಿ, ಆತನು ಎರಡನೆಯ ಬಾರಿ ಸಾವನ್ನು ಬಯಸಿದನು. ಈ ಸಲ ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತನ್ನ ಮೈಗೆ ಚುಚ್ಚಿಕೊಂಡನು. ಸತ್ತರೂ ಶಾಸ್ತ್ರಕ್ಕೆ ಉಪಯೋಗವಾಗಲಿ ಎಂಬುದು ಆತನ ಎಣಿಕೆ. ಬಹಳ ನರಳಿ ಎದ್ದನು. ಹೀಗೆ ಎರಡು ಬಾರಿ ಬದುಕನ್ನು ಬೇಡವೆಂದವನೇ ಮುಂದೆ ಮನುಷ್ಯನ ಆಯುಷ್ಯವನ್ನು ಬೆಳೆಸುವ ಹಂಬಲವನ್ನು ಹೊತ್ತನೆಂಬುದನ್ನು ಮರೆಯಬಾರದು. ಆ ಹಂಬಲ ಪುಸ್ತಕದಿಂದ ಬಂದುದಲ್ಲ.

೧೮೮೧ರಲ್ಲಿ ಚಕ್ರವರ್ತಿಯ ಕೊಲೆಯಾದ ಮೇಲೆ ವಿಶ್ವವಿದ್ಯಾನಿಲಯಗಳಲ್ಲಿ ಸರಕಾರದ ಕಾಟ ಹೆಚ್ಚಿತು. ಮರುವರ್ಷ ಮೆಚ್ನಿಕಾಫನು ರಾಜೀನಾಮೆ ಕೊಟ್ಟು ಸಂಸಾರದೊಡನೆ ಸಿಸಿಲಿಯ ಮೆಸ್ಸಿನಾ ಪಟ್ಟಣಕ್ಕೆ ಹೋದನು. ಅಲ್ಲಿ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ ಆತನೊಬ್ಬನೇ ಕುಳಿತು, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದನು. ಅವುಗಳ ಮೈಯೊಳಗೆ ಅಲೆದಾಡುವ ಜೀವಕೋಶಗಳನ್ನು ಕಂಡಾಗ ಒಂದು ಯೋಚನೆ ಹೊಳೆಯಿತು: ಇವು ಕೇವಲ ಅಲೆಯುತ್ತಿವೆಯೋ, ಪರಕೀಯ ವಸ್ತು ಒಳಹೊಕ್ಕರೆ ಅದರ ಮೇಲೆ ಬೀಳುತ್ತವೆಯೋ? ಮಕ್ಕಳಿಗಾಗಿ ಕ್ರಿಸ್‌ಮಸ್ ಮರವನ್ನು ಸಿಂಗರಿಸಿದ್ದ ಅಂಗಳಕ್ಕೆ ಹೋಗಿ ಗುಲಾಬಿಯ ಮುಳ್ಳುಗಳನ್ನು ತಂದು ಆ ಮರಿಗಳ ಚರ್ಮದ ಅಡಿಯಲ್ಲಿ ನೆಟ್ಟನು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಕಾಲಿಗೆ ಮುಳ್ಳು ನೆಟ್ಟಾಗ ಕೀವು ಕೂಡುವುದೇಕೆಂಬುದಕ್ಕೆ ಉತ್ತರ ದೊರಕಿತ್ತು. ಕ್ರಿಮಿಗಳನ್ನು ನುಂಗಿ ದೇಹವನ್ನು ಕಾಯುವ ಈ ಕೋಶಗಳಿಗೆ ‘ಫ್ಯಾಗೊಸೈಟ್’, ಎಂದರೆ ಭಕ್ಷಕ ಕೋಶ, ಎಂಬ ಹೆಸರಾಯಿತು. ಈ ಶೋಧಕ್ಕಾಗಿಯೇ ೧೯೦೮ರಲ್ಲಿ ಜರ್ಮನಿಯ ಪೌಲ್ ಎಹ್ರ್ಲಿಖನ ಜೊತೆಯಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂದಿತು. ಬಹುಮಾನ ಮೊಸರಿಗೆ ಬಂದುದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಒಂದು ವಿಷಯದಲ್ಲಿ ಗಳಿಸಿದ ಕೀರ್ತಿಯನ್ನು ಇನ್ನೊಂದು ವಿಷಯದ ಮಾರಾಟಕ್ಕೆ ಬಳಸುವುದು ವ್ಯಾಪಾರಿಗಳಿಗೆ ಹೊಸದೇನೂ ಅಲ್ಲ.

ಮಧ್ಯೆ ಒಡೆಸ್ಸಾಕ್ಕೆ ಹಿಂದಿರುಗಿ ಅಲ್ಲಿಯ ಸೂಕ್ಷ್ಮಜೀವಿ ಸಂಸ್ಥೆಯ ಮುಖ್ಯಸ್ಥನಾದನು. ಆತನು ದೂರದಲ್ಲಿದ್ದಾಗ ಸಂಸ್ಥೆಯಲ್ಲಿ ತಯಾರಾದ ನೆರಡಿ ರೋಗದ ಲಸಿಕೆಯನ್ನು ಹಾಕಿಸಿಕೊಂಡ ಸಾವಿರಾರು ಕುರಿಗಳು ಸತ್ತವು. ಪರೀಕ್ಷೆ ಸಾಲದ ಮದ್ದು ಏನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇಕಿರಲಿಲ್ಲ. ೧೮೮೮ರಲ್ಲಿ ಆತನು ರಷ್ಯವನ್ನು ಬಿಟ್ಟು ಪ್ಯಾರಿಸಿನ ಪಾಸ್ಟರ್ ಸಂಸ್ಥೆಯನ್ನು ಸೇರಿ, ಕಡೆಯವರೆಗೆ ಅಲ್ಲಿಯೇ ಉಳಿದನು.

ಇನ್ನೊಂದು ಪಾಠ ೧೮೯೨ರಲ್ಲಿ ಬಂದಿತು. ಫ್ರಾನ್ಸಿನಲ್ಲಿ ಕಾಲರಾ ತಲೆದೋರಿತ್ತು. ಕಾಲರಾದ ಕ್ರಿಮಿಯೇ ಕಾಲರಾಕ್ಕೆ ಕಾರಣವೆಂಬುದರಲ್ಲಿ ಆಗ ಇನ್ನೂ ಕೆಲವರಿಗೆ ಸಂಶಯವಿತ್ತು. ಮೆಚ್ನಿಕಾಫನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಆ ಕ್ರಿಮಿಗಳನ್ನು ತಾನೇ ಕುಡಿದನು. ಏನೂ ಆಗಲಿಲ್ಲ. ಸಹಾಯಕನೊಬ್ಬನು ಕುಡಿದನು, ಅವನಿಗೂ ಏನೂ ಆಗಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಕಾಲರಾದ ಕ್ರಿಮಿ ನಿರುಪದ್ರವಿಯೆಂದು ಸಾಧಿಸಿದಂತಾಗುತ್ತಿತ್ತು. ಮತ್ತೊಬ್ಬನು ಕುಡಿದು ಸಾವಿನ ಬಾಗಿಲಿಗೆ ಹೋಗಿ ಬಂದನು. ಮೆಚ್ನಿಕಾಫನು ಬೆದರಿ ಇಂಥ ಪ್ರಯೋಗವನ್ನು ನಿಲ್ಲಿಸಿದನು. ಒಬ್ಬನ ಮೈ ಸಾಕ್ಷಿಯಾಗಲಾರದೆಂಬುದನ್ನು ಆತನಷ್ಟು ಹತ್ತಿರದಿಂದ ಕಂಡವರು ಕಡಮೆ. ಆದರೂ ಮುಂದೆ ಮುಪ್ಪಿನ ವಿಷಯದಲ್ಲಿ ಆತನು ತನ್ನ ಒಂದು ಮೈಯನ್ನೇ ಸಾಕ್ಷಿಗೆ ನಿಲ್ಲಿಸಿದನು.

ಐವತ್ತು ದಾಟಿದ ಮೇಲೆ ಆತನ ಮನಸ್ಸು ವಾರ್ಧಕ್ಯದ ಕಡೆಗೆ ತಿರುಗಿತು. ವಾರ್ಧಕ್ಯದ ಅಧ್ಯಯನಕ್ಕೆ ‘ಜೆರೊಂಟಾಲಜಿ’ ಎಂಬ ಹೆಸರು ಆತನ ೧೯೦೩ರ ಗ್ರಂಥದಿಂದಲೇ ಬಂದುದು. ಮುಪ್ಪು ಪ್ರಕೃತಿಯ ನಿಯಮವಲ್ಲ, ಅದೊಂದು ರೋಗ. ಮನುಷ್ಯರಲ್ಲಿ ಬಹುಮಂದಿ ಅಕಾಲದಲ್ಲಿಯೇ ಮುದುಕರಾಗುತ್ತಾರೆ ಎಂಬುದು ಆತನ ನಂಬಿಕೆ. ಕಾರಣವಾಗಿ ಆತನು ಹೇಳಿದ್ದು ಹೀಗೆ: ದೊಡ್ಡ ಕರುಳಿನಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳು ವಾಸಿಸುತ್ತವೆ, ಅವುಗಳಿಂದ ಹುಟ್ಟುವ ವಿಷಗಳು ರಕ್ತಕ್ಕೆ ಸೇರಿ ಮೆದುಳು, ರಕ್ತನಾಳ ಮುಂತಾದುವನ್ನು ಬಲಗುಂದಿಸುತ್ತವೆ, ಆಗ ಕಾವಲಿಗಿದ್ದ ಭಕ್ಷಕ ಕೋಶಗಳೇ ಮನೆಯವರ ಮೇಲೆ ಬಿದ್ದು, ದುರ್ಬಲವಾದ ಉತ್ತಮ ಕೋಶಗಳನ್ನು ನುಂಗುತ್ತವೆ. ಕೂದಲು ನರೆಯುವುದೂ ಕೂದಲಿನ ಬಣ್ಣವನ್ನು ಈ ಕೋಶಗಳು ತಿನ್ನುವುದರಿಂದಲೇ ಎಂದನು. ಹಾಲು ಹುಳಿಯಾದರೆ ಕೊಳೆಯುವುದಿಲ್ಲ. ಹಾಗಾದರೆ ಹುಳಿ ಹುಟ್ಟಿಸುವ ಜೀವಿಗಳನ್ನು ಕರುಳಿಗೆ ಕಳುಹಿಸಿದರೆ ಕೊಳೆಯುವಿಕೆ ನಿಲ್ಲಬೇಡವೆ? ಬಲ್ಗೇರಿಯದ ರೈತರು ಹುಳಿ ಮೊಸರನ್ನು ಹೇರಳವಾಗಿ ತಿನ್ನುತ್ತಾರೆ, ಅಲ್ಲಿ ನೂರು ದಾಟಿದವರು ಬಹಳವಂತೆ. ಆ ಮೊಸರಿನ ಜೀವಿಯನ್ನು ಜಿನೀವಾದಲ್ಲಿ ಓದುತ್ತಿದ್ದ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯದ ತರುಣನು ಬೇರ್ಪಡಿಸಿ, ೧೯೦೫ರಲ್ಲಿ ವಿವರಿಸಿದನು.

ವಾದದ ಸರಪಣಿ ಚೆಲುವಾಗಿದೆ. ಒಂದೊಂದು ಕೊಂಡಿಯನ್ನೂ ಎಳೆದು ನೋಡಬೇಕು. ಬಾಲ್ಕನ್ ದೇಶಗಳಲ್ಲಿ ಶತಾಯುಷಿಗಳ ಸಂಖ್ಯೆ ೫೦೦೦ಕ್ಕೂ ಮಿಕ್ಕಿದೆಯೆಂಬ ಲೆಕ್ಕವನ್ನು ತನ್ನ ಗ್ರಂಥದಲ್ಲಿ ಎತ್ತಿಕೊಂಡ ಮೆಚ್ನಿಕಾಫನೇ ಅದು ಉತ್ಪ್ರೇಕ್ಷೆಯಂತೆ ಕಾಣುವುದೆಂದು ಒಪ್ಪಿದ್ದಾನೆ. ಜನನದ ದಾಖಲೆ ಇಲ್ಲದ ಹಳ್ಳಿಗಳಲ್ಲಿ ವಯಸ್ಸೆಂಬುದು ಬಾಯಿಮಾತಿನ ಲೆಕ್ಕ. ನಮ್ಮ ಊರುಗಳ ಅಜ್ಜಂದಿರೂ ಹುಟ್ಟಿದ ವರ್ಷವನ್ನು ಬರ, ಪ್ಲೇಗುಗಳ ಗುರುತಿನಿಂದ ಹೇಳುತ್ತಿದ್ದರು. ಎಂಬತ್ತು ತುಂಬಿದವರಿಗೆ ಮೊಮ್ಮಕ್ಕಳು ಪ್ರೀತಿಯಿಂದ ಹತ್ತು ಸೇರಿಸುತ್ತಿದ್ದರು. ಅದೂ ಅಲ್ಲದೆ ಆ ರೈತರು ಮೊಸರನ್ನು ತಿಂದುದಷ್ಟೇ ಅಲ್ಲ, ಹೊಲದಲ್ಲಿ ದುಡಿದರು, ಬೆಟ್ಟದ ಗಾಳಿಯಲ್ಲಿ ಬಾಳಿದರು. ಹೆಚ್ಚು ಬದುಕಿದ್ದೇ ದಿಟವಾದರೂ ಯಾವುದರಿಂದ ಎಂದು ಹೇಳುವ ಬಗೆ ಹೇಗೆ?

೧೯೦೪ರ ಜೂನ್ ತಿಂಗಳಲ್ಲಿ ಮೆಚ್ನಿಕಾಫನು ಪ್ಯಾರಿಸಿನಲ್ಲಿ ವಾರ್ಧಕ್ಯವನ್ನು ಕುರಿತು ಸಾರ್ವಜನಿಕ ಉಪನ್ಯಾಸವನ್ನು ಮಾಡಿದನು. ಬಲ್ಗೇರಿಯದ ಮೊಸರಿನ ಮಾತು ಅದರಲ್ಲಿ ಬಂದುದು ಸ್ವಲ್ಪವೇ. ಪತ್ರಿಕೆಗಳು ಹಿಡಿದುದು ಅದನ್ನೇ. ಮುಪ್ಪಿಗೆ ಮದ್ದು ಸಿಕ್ಕಿತೆಂದು ಊರೆಲ್ಲ ಸುದ್ದಿಯಾಗಿ, ಆತನಿಗೆ ಪತ್ರಗಳ ಮಳೆ ಸುರಿಯಿತು. ಆತನು ಮೊಸರನ್ನು ಕುರಿತು ಒಂದು ಚಿಕ್ಕ ಪುಸ್ತಿಕೆಯನ್ನು ಪ್ರಕಟಿಸಿ, ಮೊಸರಿನ ಜೀವಿಗಳು ಚಿರಾಯುಷ್ಯದ ಅಮೃತವೆಂದಾಗಲಿ ಮುಪ್ಪಿನ ಔಷಧವೆಂದಾಗಲಿ ತಾನು ಹೇಳುತ್ತಿಲ್ಲ, ಆ ಪ್ರಶ್ನೆ ತೀರ್ಮಾನವಾಗುವುದು ಮುಂದೆ ಎಂದೋ ಒಂದು ಕಾಲದಲ್ಲಿ ಎಂದು ಸ್ಪಷ್ಟಪಡಿಸಿದನು. ಪ್ರಾಮಾಣಿಕವಾದ ಮಾತು. ಆದರೆ ಪುಸ್ತಿಕೆಯ ಆ ಸಾಲು ಅಂಗಡಿಯ ಫಲಕಕ್ಕೆ ಏರಲಿಲ್ಲ.

ಪ್ಯಾರಿಸಿನಲ್ಲಿ ‘ಲೆ ಫೆರ್ಮಾಂ’ ಎಂಬ ಕಂಪೆನಿ ‘ಲ್ಯಾಕ್ಟೊಬ್ಯಾಸಿಲೀನ್’ ಎಂಬ ಹೆಸರಿನಿಂದ ಮೊಸರಿನ ಜೀವಿಗಳನ್ನು ಮಾರತೊಡಗಿತು. ಪ್ರೊಫೆಸರ್ ಮೆಚ್ನಿಕಾಫನಿಗೆ ಸರಬರಾಜು ಮಾಡುವವರು ತಾವೊಬ್ಬರೇ ಎಂಬುದು ಅದರ ಜಾಹಿರಾತಿನ ಬಂಡವಾಳ. ಲಾಭದಲ್ಲಿ ಆತನಿಗೆ ಪಾಲುಂಟೆಂಬ ಅಪವಾದ ಹುಟ್ಟಿತು. ಆತನು ಅದರಿಂದ ಹಣ ಪಡೆಯಲಿಲ್ಲವೆಂದು ಪತ್ನಿ ಓಲ್ಗಾ ತಾನು ಬರೆದ ಜೀವನಚರಿತ್ರೆಯಲ್ಲಿ ತಿಳಿಸಿದ್ದಾಳೆ. ಆತನ ಸರಳ ಜೀವನವನ್ನು ನೋಡಿದರೆ ನಂಬಲಡ್ಡಿಯಿಲ್ಲ. ಆದರೆ ಹಣ ಮುಟ್ಟಲಿಲ್ಲವೆಂದ ಮಾತ್ರಕ್ಕೆ ಹೊಣೆ ತಪ್ಪುವುದೆ? ಹೆಸರನ್ನು ಬಳಸಲು ಬಿಟ್ಟನು. ಹೆಸರನ್ನು ನಂಬಿ ಕೊಂಡವನಿಗೆ ಅದರ ಒಡೆಯನು ಕಮಿಷನ್ ಪಡೆದನೋ ಇಲ್ಲವೋ ಎಂಬುದರಿಂದ ಹೆಚ್ಚು ಕಡಮೆಯೇನೂ ಇಲ್ಲ. ಇತರರೂ ಪೈಪೋಟಿಗೆ ಇಳಿದರು. ಎಷ್ಟೋ ಗುಳಿಗೆಗಳಲ್ಲಿ ಜೀವಂತ ಹೆಪ್ಪೇ ಇರುವುದಿಲ್ಲವೆಂದು ಆ ಕಾಲದ ವೈದ್ಯರೇ ಎಚ್ಚರಿಸಬೇಕಾಯಿತು. ಸತ್ತ ಹೆಪ್ಪಿನಿಂದ ಹಾಲು ಮೊಸರಾಗದೆಂದು ನಮ್ಮ ಅಡಿಗೆಯ ಭಟ್ಟರು ಬಲ್ಲರು. ಶೀಷೆಯನ್ನು ಕೊಂಡ ಪ್ಯಾರಿಸಿನ ಗುಮಾಸ್ತೆಗೆ ಪರೀಕ್ಷಿಸುವ ಸಾಧನವಿರಲಿಲ್ಲ.

ಅದೇ ವರ್ಷಗಳಲ್ಲಿ ಅದೇ ಪ್ರಯೋಗಶಾಲೆಯಲ್ಲಿ ಮೆಚ್ನಿಕಾಫನು ಇನ್ನೊಂದು ಕೆಲಸವನ್ನು ಮಾಡುತ್ತಿದ್ದನು. ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಎಮೀಲ್ ರೂ ಎಂಬ ಸಹೋದ್ಯೋಗಿಯೊಡನೆ ಆತನು ಸಿಫಿಲಿಸ್, ಎಂದರೆ ಫಿರಂಗಿ ರೋಗವನ್ನು, ವಾನರಗಳಲ್ಲಿ ಉಂಟುಮಾಡಿ, ಕ್ಯಾಲೊಮೆಲ್ ಎಂಬ ಪಾದರಸದ ಮುಲಾಮನ್ನು ಬೇಗ ಉಜ್ಜಿದರೆ ರೋಗ ತಪ್ಪುವುದೆಂದು ಕಂಡನು. ೧೯೦೬ರಲ್ಲಿ ಪಾಲ್ ಮೇಸನ್ನವ್ ಎಂಬ ವೈದ್ಯ ವಿದ್ಯಾರ್ಥಿ ತನ್ನ ಮೈಯನ್ನೇ ಒಡ್ಡಿದನು. ಗೀರಿದ ಚರ್ಮಕ್ಕೆ ರೋಗದ ರಸವನ್ನು ಹಚ್ಚಿ, ಸುಮಾರು ಒಂದು ಗಂಟೆಯ ಮೇಲೆ ಮುಲಾಮನ್ನು ಉಜ್ಜಿದರು. ಆ ವಿದ್ಯಾರ್ಥಿಗೆ ರೋಗ ಬರಲಿಲ್ಲ. ಆದರೆ ಇಷ್ಟರಿಂದ ಏನು ಸಿದ್ಧವಾಯಿತು? ರಸದಲ್ಲಿಯೇ ಕಸುವಿರಲಿಲ್ಲವೆನ್ನಬಹುದಲ್ಲವೆ? ಇದನ್ನು ಮುಂದಾಗಿ ಯೋಚಿಸಿ, ಅದೇ ರಸವನ್ನು ಅದೇ ಹೊತ್ತಿನಲ್ಲಿ ಕೋತಿಗಳಿಗೂ ಹಚ್ಚಿ, ಮುಲಾಮು ಹಾಕದೆ ಬಿಟ್ಟುದನ್ನೂ ಜೊತೆಗಿಟ್ಟಿದ್ದರು. ಮುಲಾಮು ಕಾಣದ ಕೋತಿಗೆ ರೋಗ ಬಂದಿತು. ಇಂಥ ಅಪಾಯಕ್ಕೆ ತರುಣನೊಬ್ಬನನ್ನು ಒಡ್ಡುವುದನ್ನು ಇಂದು ಯಾವ ಸಂಸ್ಥೆಯೂ ಒಪ್ಪದು. ಆ ಮಾತು ಬೇರೆ. ಮದ್ದು ಪಡೆದವನ ಪಕ್ಕದಲ್ಲಿ ಮದ್ದು ಪಡೆಯದವನನ್ನು ನಿಲ್ಲಿಸಿ ನೋಡುವ ವಿದ್ಯೆ ಆತನಿಗೆ ಚೆನ್ನಾಗಿ ತಿಳಿದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಮೊಸರಿನ ವಿಷಯದಲ್ಲಿ ಆ ಎರಡನೆಯವನು ಎಲ್ಲಿ? ಮನುಷ್ಯನ ಮುಪ್ಪನ್ನು ಪರೀಕ್ಷಿಸಲು ಹತ್ತಾರು ವರ್ಷಗಳು, ನೂರಾರು ಜನರು ಬೇಕು. ಅಷ್ಟು ಕಾಲ ಆತನ ಕೈಯಲ್ಲಿ ಇರಲಿಲ್ಲ. ಕಾಯಲು ಆಗದವರು ಆತನೂ ಆಗಿದ್ದನು, ಗಿರಾಕಿಯೂ ಆಗಿದ್ದನು.

ಈ ಪರೀಕ್ಷೆಯ ಬೆಲೆ ಎಷ್ಟೆಂಬುದಕ್ಕೆ ಬಹಳ ಮುಂದಿನ ಒಂದು ಉದಾಹರಣೆಯನ್ನು ಕೊಡಬಹುದು. ಕ್ಯಾರೆಟ್ ಮುಂತಾದುವುಗಳಲ್ಲಿರುವ ಬೀಟಾ ಕ್ಯಾರೊಟೀನ್ ಕೋಶಗಳ ಸವೆತವನ್ನು ತಡೆಯುವುದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ ೨೯,೧೩೩ ಮಂದಿ ಗಂಡಸರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಆ ಗುಳಿಗೆಯನ್ನೂ ಕೆಲವರಿಗೆ ಅದೇ ರೂಪದ ಸಪ್ಪೆ ಗುಳಿಗೆಯನ್ನೂ ವರ್ಷಗಟ್ಟಲೆ ಕೊಟ್ಟರು. ೧೯೯೪ರಲ್ಲಿ ಫಲಿತಾಂಶ ಹೊರಬಿದ್ದಾಗ, ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ ೧೮ರಷ್ಟು ಹೆಚ್ಚಾಗಿತ್ತು. ಸಪ್ಪೆ ಗುಳಿಗೆಯ ಗುಂಪು ಇಲ್ಲದಿದ್ದರೆ ಸತ್ತವರು ಸಿಗರೇಟಿನಿಂದ ಸತ್ತರೆಂದು ಸುಮ್ಮನಾಗುತ್ತಿದ್ದೆವು.

ಮೊಸರು ಕುಡಿದು ಸತ್ತವರಿಲ್ಲ. ಆದರೆ ಕರುಳಿನ ವಿಷದ ವಾದವನ್ನು ನಂಬಿ ನೊಂದವರುಂಟು. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನನು, ದೊಡ್ಡ ಕರುಳು ಇದ್ದರಲ್ಲವೆ ವಿಷವೆಂದು, ಮಲಬದ್ಧತೆಯಿಂದ ನರಳುವವರ ಕರುಳನ್ನೇ ಕೊಯ್ದು ತೆಗೆಯತೊಡಗಿದನು. ೧೯೧೯ರಲ್ಲಿ ಅಮೆರಿಕದ ವಾಲ್ಟರ್ ಆಲ್ವರೆಜ್ ಎಂಬ ವೈದ್ಯನು ಈ ವಾದದ ಬುಡಕ್ಕೆ ಪೆಟ್ಟು ಕೊಟ್ಟನು. ಮಲವಿಸರ್ಜನೆಯಾದ ಕ್ಷಣವೇ ತಲೆನೋವು, ಆಯಾಸಗಳು ಹೋಗುವುದಾದರೆ ಅವು ವಿಷದಿಂದ ಬಂದುವಲ್ಲ. ರಕ್ತಕ್ಕೆ ಸೇರಿದ ವಿಷ ಅಷ್ಟು ಬೇಗ ಇಳಿಯಲಾರದು. ಕರುಳಿನ ಕೊನೆಯಲ್ಲಿ ಬರಿಯ ಹತ್ತಿಯನ್ನು ತುರುಕಿದರೂ ಅವೇ ಲಕ್ಷಣಗಳು ಕಾಣುತ್ತವೆಂದು ಆತನು ತೋರಿಸಿದನು. ಬಲ್ಗೇರಿಯದ ಜೀವಿ ಮನುಷ್ಯನ ಕರುಳಿನಲ್ಲಿ ನೆಲೆನಿಲ್ಲುವುದೇ ಇಲ್ಲವೆಂದು ಯೇಲ್ ವಿಶ್ವವಿದ್ಯಾನಿಲಯದ ರೆಟ್ಗರ್ ಮತ್ತು ಸಂಗಡಿಗರು ೧೯೨೧ರ ಹೊತ್ತಿಗೆ ಸಿದ್ಧಪಡಿಸಿದರು. ಕರುಳಿನ ಸೂಕ್ಷ್ಮಜೀವಿಗಳಿಗೂ ಆರೋಗ್ಯಕ್ಕೂ ಸಂಬಂಧವುಂಟೆಂಬ ಆತನ ಊಹೆಗೆ ಇಂದು ಮತ್ತೆ ಗೌರವ ಬಂದಿದೆ, ಅದರ ಮೇಲೆ ವಿಶೇಷ ಸಂಶೋಧನೆ ನಡೆದಿದೆ, ನಿಜ. ಆದರೆ ಮೊಸರಿನ ಗುಳಿಗೆಯಿಂದ ಮನುಷ್ಯನ ಆಯುಷ್ಯ ಬೆಳೆಯಿತೆಂದು ಇಂದಿಗೂ ಯಾರೂ ಸಿದ್ಧಪಡಿಸಿಲ್ಲ.

ಇಂದು ಶೀಷೆ ಬದಲಾಗಿದೆ. ಫೋನಿನ ಪರದೆಯ ಮೇಲೆ ಯೌವನದ ಗುಳಿಗೆಗಳ ಜಾಹಿರಾತು ಬಾರದ ದಿನವಿಲ್ಲ. ಪರಿಚಿತರೇ ಡಬ್ಬಿಗಳನ್ನು ಹಿಡಿದು ಕೋಣೆಗೆ ಬಂದು, ಸದಸ್ಯರಾಗಿರೆಂದು ಒತ್ತಾಯಿಸುವುದೂ ಉಂಟು. ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸುವ ಪಾಲು ಅದರಿಂದ ಕುಗ್ಗುವುದು. ನಮ್ಮ ದೇಶದ ೧೯೪೫ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಯೌವನವನ್ನು ಮರಳಿಸುವ ಶಕ್ತಿ, ಅಕಾಲ ವಾರ್ಧಕ್ಯ, ಅಕಾಲದಲ್ಲಿ ಕೂದಲು ನರೆಯುವುದು ಇವೆಲ್ಲ ಸೇರಿವೆ. ಆ ಪಟ್ಟಿಯಲ್ಲಿರುವುದನ್ನು ಗುಣಪಡಿಸುವೆನೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಆದುದರಿಂದ ಇಂಥ ಎಷ್ಟೋ ಡಬ್ಬಿಗಳು ಔಷಧವಾಗಿ ಅಲ್ಲ, ಆಹಾರವಾಗಿ ಮಾರಾಟಕ್ಕೆ ಬರುತ್ತವೆ. ೨೦೧೬ರ ಆಹಾರ ನಿಯಮಗಳ ಪ್ರಕಾರ ಇಂಥ ಪೂರಕಗಳ ಮೇಲೆ ಔಷಧೋಪಯೋಗಕ್ಕಲ್ಲ ಎಂದು ಅಚ್ಚು ಹಾಕಲೇಬೇಕು. ಮುಂದಿನ ಬಾರಿ ಡಬ್ಬಿ ಕೈಗೆ ಬಂದಾಗ ಅದನ್ನು ತಿರುಗಿಸಿ ಆ ಸಣ್ಣ ಅಕ್ಷರಗಳನ್ನು ಹುಡುಕಿ ನೋಡಬಹುದು. ಮೆಚ್ನಿಕಾಫನ ಪುಸ್ತಿಕೆಯ ಸಾಲಿಗೆ ಬಂದ ಗತಿಯೇ ಅವುಗಳಿಗೂ ಬಂದಿದೆ.

ಮೆಚ್ನಿಕಾಫನ ಕಡೆಯ ವರ್ಷಗಳಿಗೆ ಹಿಂದಿರುಗೋಣ. ಆತನು ತಾನು ಹೇಳಿದಂತೆಯೇ ನಡೆದನು. ದಿನವೂ ಹುಳಿ ಹಾಲನ್ನು ಸೇವಿಸಿದನು. ಹಸಿಯಾದ ಯಾವುದನ್ನೂ ಮುಟ್ಟದೆ ನೀರನ್ನು ಕುದಿಸಿ, ಹಣ್ಣನ್ನು ಕೂಡ ಬಿಸಿನೀರಿಗೆ ಅದ್ದಿ ತಿಂದನು. ೧೯೦೯ರಲ್ಲಿ ರಷ್ಯಕ್ಕೆ ಹೋಗಿ ಲಿಯೋ ಟಾಲ್‌ಸ್ಟಾಯ್‌ಯನ್ನು ಅವನ ಹಳ್ಳಿಯ ಮನೆಯಲ್ಲಿ ಕಂಡನು. ಸಾವಿನ ಭಯಕ್ಕೆ ಒಬ್ಬನು ಧರ್ಮದಲ್ಲಿಯೂ ಇನ್ನೊಬ್ಬನು ಸೂಕ್ಷ್ಮದರ್ಶಕದಲ್ಲಿಯೂ ಪರಿಹಾರವನ್ನು ಅರಸಿದವರು. ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸದಿದ್ದರೆ ಸೋಜಿಗವಿಲ್ಲ. ಇವರಿಬ್ಬರಿಗೂ ಮೊದಲೇ ಒಂದು ನಂಟಿತ್ತು. ೧೮೮೧ರಲ್ಲಿ ನಲವತ್ತೈದರ ವಯಸ್ಸಿನಲ್ಲಿ ತೀರಿಕೊಂಡ ಮೆಚ್ನಿಕಾಫನ ಅಣ್ಣ ಇವಾನನ ಮರಣವೇ ಟಾಲ್‌ಸ್ಟಾಯ್‌ಯ ಪ್ರಸಿದ್ಧ ಕಥೆ ‘ಇವಾನ್ ಇಲ್ಯಿಚ್‌ನ ಸಾವು’ ಎಂಬುದಕ್ಕೆ ಪ್ರೇರಣೆಯಾಗಿತ್ತು.

೧೯೧೪ರಲ್ಲಿ ಯುದ್ಧ ಆರಂಭವಾದಾಗ ಪಾಸ್ಟರ್ ಸಂಸ್ಥೆ ಬರಿದಾಯಿತು. ತರುಣರು ರಣರಂಗಕ್ಕೆ ಹೋದರು. ವಿಜ್ಞಾನ ಬೆಳೆದಂತೆ ಮನುಷ್ಯರು ಕಾದಾಟವನ್ನು ಬಿಟ್ಟಾರೆಂದು ನಂಬಿದ್ದ ಮುದುಕನಿಗೆ ಅದು ದೊಡ್ಡ ಆಘಾತ. ಮರುವರ್ಷ ಎಪ್ಪತ್ತು ತುಂಬಿದಾಗ, ತನ್ನ ಮನೆತನದವರು ಅಲ್ಪಾಯುಷಿಗಳು, ತಾನು ಇಷ್ಟು ಬಾಳಿದ್ದು ತನ್ನ ಆಹಾರಕ್ರಮದ ಫಲ ಎಂದು ಆತನು ಲೆಕ್ಕ ಹಾಕಿಕೊಂಡನು. ಕಾಲರಾದ ಲೋಟವನ್ನು ಮರೆತವನ ಲೆಕ್ಕವದು.

ಹೃದಯದ ಬೇನೆ ಬಲಿತು, ಪಾಸ್ಟರನು ಹಿಂದೆ ವಾಸವಾಗಿದ್ದ ಸಂಸ್ಥೆಯ ಕೊಠಡಿಗಳಿಗೆ ಆತನನ್ನು ಸಾಗಿಸಿದರು. ನಾಡಿ ಎಷ್ಟು, ಉಸಿರು ಹೇಗೆ ಎಂದು ತನ್ನ ಸ್ಥಿತಿಯನ್ನು ತಾನೇ ಗಮನಿಸುತ್ತ, ಸತ್ತ ಮೇಲೆ ದೇಹವನ್ನು ಕೊಯ್ದು ಪರೀಕ್ಷಿಸಬೇಕೆಂದು, ಮುಖ್ಯವಾಗಿ ಕರುಳನ್ನು ಚೆನ್ನಾಗಿ ನೋಡಬೇಕೆಂದು ಸಹೋದ್ಯೋಗಿ ಸಾಲಿಂಬೆನಿಗೆ ಹೇಳಿದನು. ೧೯೧೬ರ ಜುಲೈ ೧೫ರಂದು ಪ್ರಾಣ ಹೋಯಿತು. ಆಗ ಆತನಿಗೆ ೭೧ ವರ್ಷ. ದೇಹವನ್ನು ದಹಿಸಿ, ಭಸ್ಮವನ್ನು ಸಂಸ್ಥೆಯ ಗ್ರಂಥಾಲಯದಲ್ಲಿ ಪುಸ್ತಕಗಳ ನಡುವೆ ಒಂದು ಕರಂಡದಲ್ಲಿ ಇರಿಸಿದರು.

ಮೂರು ವರ್ಷಗಳ ಮೇಲೆ, ೧೯೧೯ರಲ್ಲಿ, ಐಸಾಕ್ ಕರಾಸೊ ಎಂಬ ವರ್ತಕನು ಸ್ಪೇನಿನ ಬಾರ್ಸಿಲೋನಾದಲ್ಲಿ, ಪಾಸ್ಟರ್ ಸಂಸ್ಥೆಯಿಂದ ತರಿಸಿದ ಹೆಪ್ಪಿನಿಂದ ಮೊಸರು ಮಾಡಿ ಔಷಧದಂಗಡಿಗಳ ಮೂಲಕ ಮಾರತೊಡಗಿದನು. ಇಂದಿನ ಡನೋನ್ ಕಂಪೆನಿಯ ಮೊದಲು ಅದು.